ಕಂದುಹೊಳೆಯ ಹೆಸರು

ಹೆಸರೆಂಬುದು ಕರೆಯುವುದಕ್ಕಾಗಿ ಇಟ್ಟುಕೊಂಡ ಗುರುತು ಮಾತ್ರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮನುಷ್ಯರ ಮಟ್ಟಿಗೆ ಈ ಭಾವನೆ ಬಹುತೇಕ ಸರಿಯೇ. ಶಾಂತಪ್ಪನೆಂಬ ಹೆಸರಿನವನು ಮುಂಗೋಪಿಯಾಗಿದ್ದರೆ ಯಾರೂ ಅವನ ಹೆಸರನ್ನು ತಿದ್ದಹೋಗುವುದಿಲ್ಲ. ಆದರೆ ಹೊಳೆ, ಬೆಟ್ಟ, ಕಣಿವೆಗಳ ಹೆಸರಿನ ಮಾತು ಬೇರೆ. ಅವುಗಳಲ್ಲಿ ಅನೇಕವು, ಬಹುಕಾಲದ ಹಿಂದೆ ಆ ಸ್ಥಳದಲ್ಲಿ ಬಾಳಿದ ಜನ ಕಣ್ಣಾರೆ ಕಂಡು ಆಡಿದ ಒಂದೊಂದು ವಾಕ್ಯ. ನೀರು ಯಾವ ಬಣ್ಣದ್ದು, ನೆಲ ಎಂಥದು, ಅಲ್ಲಿ ಯಾವ ಮರ ಬೆಳೆಯುತ್ತದೆ ಎಂಬ ಸಂಗತಿಗಳು ಆ ವಾಕ್ಯದಲ್ಲಿ ಅಡಕವಾಗಿರುತ್ತವೆ. ಅದನ್ನು ಓದಬೇಕಾದರೆ ಆಡಿದವರ ಭಾಷೆ ತಿಳಿದಿರಬೇಕು. ಅದು ದಿಟವೋ ಅಲ್ಲವೋ ಎಂದು ಪರೀಕ್ಷಿಸಬೇಕಾದರೆ ವಿಜ್ಞಾನದ ನೆರವು ಬೇಕು. ಐರ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಹರಿಯುವ ಒಂದು ಚಿಕ್ಕ ಹೊಳೆಯ ಹೆಸರನ್ನು ಎತ್ತಿಕೊಂಡು ಈ ಎರಡು ಕೆಲಸಗಳನ್ನೂ ಮಾಡಿ ನೋಡೋಣ.

ಒಂಬತ್ತು ಕಣಿವೆಗಳ ನಾಡು

ಉತ್ತರ ಐರ್ಲೆಂಡಿನ ಆಂಟ್ರಿಮ್ ಜಿಲ್ಲೆಯ ಪೂರ್ವ ಭಾಗ ಎತ್ತರವಾದ ಪ್ರಸ್ಥಭೂಮಿ. ಅದರ ಅಂಚಿನಿಂದ ಒಂಬತ್ತು ಕಣಿವೆಗಳು ಇಳಿದು ಕಡಲನ್ನು ಸೇರುತ್ತವೆ. ಕಡಲಿನ ಆಚೆಗೆ ಸ್ಕಾಟ್ಲೆಂಡ್. ನಡುವಿನ ಜಲಸಂಧಿ ಎಷ್ಟು ಕಿರಿದೆಂದರೆ, ಆಕಾಶ ತಿಳಿಯಾಗಿದ್ದ ದಿನ ಸ್ಕಾಟ್ಲೆಂಡಿನ ಕಿನ್‌ಟೈರ್ ಭೂಶಿರ ಈ ದಡದಿಂದ ಬರಿಗಣ್ಣಿಗೆ ಕಾಣಿಸುತ್ತದೆ. ಈ ಒಂಬತ್ತು ಕಣಿವೆಗಳಲ್ಲಿ ಒಂದರ ಹೆಸರು ಗ್ಲೆನ್‌ಡನ್. ಅದರ ತಳದಲ್ಲಿ ಹರಿಯುವ ಹೊಳೆಯನ್ನು ಇಂಗ್ಲಿಷ್ ಭೂಪಟಗಳು ಗ್ಲೆನ್‌ಡನ್ ಹೊಳೆಯೆಂದೋ ಡನ್ ಹೊಳೆಯೆಂದೋ ಗುರುತಿಸುತ್ತವೆ. ಅದು ದೊಡ್ಡ ನದಿಯೇನಲ್ಲ. ಬೆಟ್ಟದ ಮೇಲಿನ ಮೂಲದಿಂದ ಹೊರಟು ಅದರ ದಡದಗುಂಟ ನಡೆದರೆ ಹೊತ್ತು ಮುಳುಗುವುದರೊಳಗೆ ಕಡಲನ್ನು ತಲುಪಬಹುದು. ಅದು ಕಡಲಿಗೆ ಬೀಳುವಲ್ಲಿ ಕುಶೆಂಡನ್ ಎಂಬ ಹಳ್ಳಿಯಿದೆ. 1567ರಲ್ಲಿ, ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯನ್ನು ಎದುರಿಸಿ ನಿಂತಿದ್ದ ಷೇನ್ ಓನೀಲ್ ಎಂಬ ಐರಿಷ್ ನಾಯಕ ಕೊಲೆಯಾದದ್ದು ಇಲ್ಲಿಯೇ.

ಈ ನೆಲದ ಕಥೆ ಮನುಷ್ಯರ ಕಥೆಗಿಂತ ಬಹಳ ಹಳೆಯದು. ಸುಮಾರು 6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ಹರಡಿ ತಣ್ಣಗಾಗಿ, ಆಂಟ್ರಿಮ್‌ನ ಬಹುಭಾಗವನ್ನು ಕಪ್ಪು ಬಸಾಲ್ಟ್ ಶಿಲೆಯಿಂದ ಮುಚ್ಚಿತು. ಆದರೆ ಗ್ಲೆನ್‌ಡನ್ ಇರುವ ಉತ್ತರದ ಕಣಿವೆಗಳಲ್ಲಿ, ಅದಕ್ಕಿಂತ ಎಷ್ಟೋ ಪಾಲು ಪುರಾತನವಾದ ಷಿಸ್ಟ್ ಎಂಬ ಪದರುಶಿಲೆ ಹೊರಗೆ ಕಾಣುತ್ತದೆ. ಹಿಮಯುಗದಲ್ಲಿ ಮಂಜಿನ ರಾಶಿ ಈ ಕಣಿವೆಗಳನ್ನು ಉಜ್ಜಿ ಅಗಲಗೊಳಿಸಿತು. ಮಂಜು ಕರಗಿದ ಮೇಲೆ ಕಣಿವೆಯ ತಳದಲ್ಲಿ ಹುಲ್ಲುಗಾವಲೂ ಹೊಲವೂ ಆಗುವಂಥ ಮಣ್ಣು ಉಳಿಯಿತು. ಮೇಲಿನ ಚಪ್ಪಟೆಯಾದ ಬೆಟ್ಟದ ನೆತ್ತಿಯಲ್ಲಿ ಮಾತ್ರ ನೀರು ಇಳಿದುಹೋಗದೆ ನಿಂತಿತು. ಅಲ್ಲಿನ ರೈತರು ತಮ್ಮ ಹಿಡುವಳಿಗಳನ್ನು ಏಣಿಯ ಮೆಟ್ಟಿಲುಗಳಂತೆ ಹೊಳೆಯಂಚಿನಿಂದ ಬೆಟ್ಟದವರೆಗೆ ಉದ್ದುದ್ದವಾಗಿ ಹಂಚಿಕೊಂಡರು. ಪ್ರತಿಯೊಬ್ಬನಿಗೂ ತಗ್ಗಿನಲ್ಲಿ ಹುಲ್ಲುಗಾವಲು, ನಡುವೆ ಉಳುಮೆಯ ನೆಲ, ಮೇಲೆ ಕುರಿ ಮೇಯುವ ಬೆಟ್ಟ ದೊರೆಯಬೇಕೆಂಬುದು ಇದರ ಉದ್ದೇಶ. ಹೊಳೆಯ ಬಣ್ಣದ ರಹಸ್ಯವಿರುವುದು ಈ ಏಣಿಯ ತುದಿಯ ಮೆಟ್ಟಿಲಿನಲ್ಲಿ. ಅಲ್ಲಿಗೆ ಹೋಗುವ ಮೊದಲು ಹೆಸರನ್ನು ಬಿಡಿಸೋಣ.

ಹೆಸರಿನ ಪದವಿಭಾಗ

ಗ್ಲೆನ್‌ಡನ್ ಎಂಬುದು ಇಂಗ್ಲಿಷ್ ಹೆಸರಲ್ಲ. ಐರಿಷ್ ಹೆಸರನ್ನು ಇಂಗ್ಲಿಷರು ತಮ್ಮ ಕಿವಿಗೆ ಕೇಳಿಸಿದಂತೆ ಬರೆದುಕೊಂಡದ್ದು. ಐರಿಷಿನಲ್ಲಿ ಕಣಿವೆಗೆ 'ಗ್ಲ್ಯಾನ್' ಎಂದು ಹೆಸರು. ಹೊಳೆಗೆ 'ಔನ್' ಎಂದು ಹೆಸರು. ಈ ಎರಡನೆಯ ಮಾತಿನ ಬರಹದಲ್ಲಿ ಬಕಾರ ಹಕಾರಗಳಿಗೆ ಅಕ್ಷರಗಳಿವೆ. ಉಚ್ಚಾರದಲ್ಲಿ ಅವು ಕರಗಿ ಔಕಾರವಾಗಿವೆ. ಬಕಾರ ಗಟ್ಟಿಯಾಗಿ ಕೇಳಿಸುತ್ತಿದ್ದ ಪ್ರಾಚೀನ ರೂಪವನ್ನು ನೆನೆದರೆ ಈ ಮಾತಿನ ಬಂಧುಗಳು ಕಣ್ಣಿಗೆ ಬೀಳುತ್ತವೆ. ಇಂಗ್ಲೆಂಡಿನಲ್ಲಿ ಏವನ್ ಎಂಬ ಹೆಸರಿನ ಹಲವು ನದಿಗಳಿವೆ. ಅದೂ ಇದೇ ಮಾತಿನ ಇನ್ನೊಂದು ರೂಪ. ಐರಿಷ್ ಭಾಷೆ ಸಂಸ್ಕೃತದಂತೆಯೇ ಇಂಡೋ-ಯೂರೋಪಿಯನ್ ಕುಟುಂಬಕ್ಕೆ ಸೇರಿದುದು. ಪೃಥ್ವಿ, ಅಪ್ಪು, ತೇಜಸ್ಸು ಎಂದು ಪಂಚಭೂತಗಳನ್ನು ಎಣಿಸುವಾಗ ನಾವು ನೀರಿಗೆ ಹೇಳುವ 'ಅಪ್ಪು' ಸಂಸ್ಕೃತದ 'ಅಪ್' ಶಬ್ದದಿಂದ ಬಂದದ್ದಷ್ಟೆ. ಆ 'ಅಪ್' ಮತ್ತು ಐರಿಷಿನ 'ಔನ್' ಒಂದೇ ಬುಡದ ಕವಲುಗಳೆಂದು ಅನೇಕ ಭಾಷಾವಿಜ್ಞಾನಿಗಳ ಅಭಿಪ್ರಾಯ.

ಇನ್ನು ಉಳಿದದ್ದು 'ಡನ್'. ಇದೇ ತೊಡಕಿನ ಭಾಗ. ಐರ್ಲೆಂಡಿನಲ್ಲಿ ಡನ್ ಎಂದು ಮೊದಲಾಗುವ ಊರ ಹೆಸರುಗಳು ಲೆಕ್ಕವಿಲ್ಲದಷ್ಟಿವೆ: ಡನ್‌ಡಾಕ್, ಡನ್‌ಲೂಸ್ ಮುಂತಾದುವು. ಅವುಗಳಲ್ಲಿ ಈ ಭಾಗ 'ದೂನ್' ಎಂಬ ಐರಿಷ್ ಮಾತಿನಿಂದ ಬಂದದ್ದು. ಅದರ ಅರ್ಥ ಕೋಟೆ. ಬರಿಯ ಇಂಗ್ಲಿಷ್ ಭೂಪಟವನ್ನು ನೋಡುವವನು ಗ್ಲೆನ್‌ಡನ್ ಎಂದರೆ ಕೋಟೆಯ ಕಣಿವೆ ಎಂದು ತೀರ್ಮಾನಿಸಿಬಿಟ್ಟರೆ ಆಶ್ಚರ್ಯವಿಲ್ಲ. ಇಲ್ಲದ ಕೋಟೆಯನ್ನು ಹುಡುಕುತ್ತ ಅವನು ಕಣಿವೆಯನ್ನೆಲ್ಲ ಸುತ್ತಲೂಬಹುದು.

ಐರಿಷ್ ರೂಪ ದೊರೆತರೆ ಸಂಶಯ ಪರಿಹಾರವಾಗುತ್ತದೆ. ಕಣಿವೆಯ ಐರಿಷ್ ಹೆಸರು 'ಗ್ಲ್ಯಾನ್ ದಿನ್ಯ' ಎಂದು ಕೇಳಿಸುತ್ತದೆ. 'ದಿನ್ಯ' ಎಂಬುದು 'ದೊನ್' ಎಂಬ ವಿಶೇಷಣದ ಷಷ್ಠೀ ವಿಭಕ್ತಿಯ ರೂಪ, ಅದೂ ಸ್ತ್ರೀಲಿಂಗದ್ದು. 'ದೊನ್' ಎಂದರೆ ಕಂದು ಬಣ್ಣದ ಎಂದು ಅರ್ಥ. ಐರಿಷಿನಲ್ಲಿ ಹೊಳೆ ಸ್ತ್ರೀಲಿಂಗ. ಆದುದರಿಂದ ಅದಕ್ಕೆ ಸಲ್ಲುವ ವಿಶೇಷಣವೂ ಸ್ತ್ರೀಲಿಂಗವಾಗಬೇಕು. ಸಂಸ್ಕೃತದಲ್ಲಿಯೂ ನಿಯಮ ಇದೇ. 'ಕೃಷ್ಣ' ಎಂಬ ಕಪ್ಪು ಬಣ್ಣದ ವಿಶೇಷಣ ನದಿಯ ಹೆಸರಾದಾಗ 'ಕೃಷ್ಣಾ' ಎಂದು ದೀರ್ಘವಾಗುವುದನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಹೀಗೆ ವ್ಯಾಕರಣದ ಒಂದು ಸಣ್ಣ ಪ್ರತ್ಯಯ ಕೋಟೆಯನ್ನು ಕೆಡವಿ ಹೊಳೆಯನ್ನು ತೋರಿಸಿಕೊಡುತ್ತದೆ. ಗ್ಲೆನ್‌ಡನ್ ಎಂದರೆ ಕಂದುಹೊಳೆಯ ಕಣಿವೆ.

ಕಡಲ ದಡದ ಹಳ್ಳಿಯ ಹೆಸರು ಇದಕ್ಕೆ ಸಾಕ್ಷಿ ನುಡಿಯುತ್ತದೆ. ಐರಿಷಿನಲ್ಲಿ ಅದನ್ನು 'ಬುನ್ ಔನ್ ದಿನ್ಯ' ಎನ್ನುತ್ತಾರೆ. 'ಬುನ್' ಎಂದರೆ ಬುಡ, ಹೊಳೆಯ ಕೊನೆ. ಅದೇ ಹಳ್ಳಿಗೆ 'ಕೊಶ್ ಔನ್ ದಿನ್ಯ' ಎಂಬ ಇನ್ನೊಂದು ಹೆಸರೂ ಇತ್ತು. 'ಕೊಶ್' ಎಂಬುದು ಪಾದವೆಂಬ ಮಾತಿನ ರೂಪ. ಈ ಎರಡನೆಯ ಹೆಸರನ್ನು ಅವಸರವಾಗಿ ನಾಲ್ಕು ಬಾರಿ ಹೇಳಿ ನೋಡಿ. ಇಂಗ್ಲಿಷಿನ 'ಕುಶೆಂಡನ್' ಹುಟ್ಟಿದ ಬಗೆ ತಾನಾಗಿ ಗೊತ್ತಾಗುತ್ತದೆ. ಇನ್ನೊಂದು ಸಂಗತಿಯನ್ನು ಕನ್ನಡಿಗರ ಕಿವಿ ಇಂಗ್ಲಿಷರ ಕಿವಿಗಿಂತ ಬೇಗ ಹಿಡಿಯಬಲ್ಲದು. ಐರಿಷಿನ ಈ ದಕಾರ ನಮ್ಮ ದಕಾರದಂತೆ ನಾಲಗೆಯನ್ನು ಹಲ್ಲಿಗೆ ತಗುಲಿಸಿ ಹೇಳುವ ಧ್ವನಿ. ಇಂಗ್ಲಿಷಿನಲ್ಲಿ ಆ ಧ್ವನಿಯಿಲ್ಲದ ಕಾರಣ ಅದು ಡಕಾರವಾಯಿತು. ದೊನ್ ಹೋಗಿ ಡನ್ ಬಂತು; ದೂನ್ ಕೂಡ ಡನ್ ಆಯಿತು. ಎರಡು ಬೇರೆ ಬೇರೆ ಮಾತುಗಳು ಒಂದೇ ಕಾಗುಣಿತದಲ್ಲಿ ಹೂತುಹೋದುವು.

ಹೆಸರಿನ ಬಾಗಿಲು ಮುಚ್ಚಿದುದು

ಈ ಹೂಳುವಿಕೆಗೆ ಕಾರಣರಾದವರು ಅಜ್ಞಾನಿಗಳೆಂದಾಗಲಿ ದುಷ್ಟರೆಂದಾಗಲಿ ತಿಳಿಯಬೇಕಾಗಿಲ್ಲ. 1824ರಲ್ಲಿ ಬ್ರಿಟಿಷ್ ಸರಕಾರ ಐರ್ಲೆಂಡಿನ ಸಂಪೂರ್ಣ ಮೋಜಣಿಯನ್ನು ಆರಂಭಿಸಿತು. ಜಮೀನಿಗೆ ನ್ಯಾಯವಾದ ತೆರಿಗೆ ನಿಗದಿಮಾಡುವುದು ಅದರ ಮುಖ್ಯ ಗುರಿ. ಥಾಮಸ್ ಕೋಲ್ಬಿ ಎಂಬ ಸೇನಾಧಿಕಾರಿ ಅದರ ಮುಖ್ಯಸ್ಥ. ಒಂದು ಮೈಲಿಯ ನೆಲವನ್ನು ಕಾಗದದ ಮೇಲೆ ಆರು ಅಂಗುಲವಾಗಿ ತೋರಿಸುವಷ್ಟು ವಿವರವಾದ ಭೂಪಟಗಳು ಸಿದ್ಧವಾಗಬೇಕಾಗಿತ್ತು; 1846ರ ವೇಳೆಗೆ ಇಡೀ ದೇಶದ ಪಟಗಳು ಪ್ರಕಟವಾದುವು. ಪ್ರತಿಯೊಂದು ಹಳ್ಳಿಗೂ ಹೊಳೆಗೂ ಪಟದ ಮೇಲೆ ಒಂದೇ ಕಾಗುಣಿತದ ಹೆಸರು ಕೆತ್ತಬೇಕಾದಾಗ, ಯಾವ ಕಾಗುಣಿತ ಎಂಬ ಪ್ರಶ್ನೆ ಎದ್ದಿತು. ಇದಕ್ಕಾಗಿ 1830ರಲ್ಲಿ ಮೋಜಣಿ ಇಲಾಖೆಯನ್ನು ಸೇರಿದವನು ಜಾನ್ ಓಡೊನೊವನ್ ಎಂಬ ಐರಿಷ್ ವಿದ್ವಾಂಸ. ಅವನು ಊರೂರು ತಿರುಗಿ, ಐರಿಷ್ ಆಡುವ ವೃದ್ಧರ ಬಾಯಿಂದ ಹೆಸರುಗಳನ್ನು ಕೇಳಿ, ಹಳೆಯ ದಾಖಲೆಗಳೊಡನೆ ಹೋಲಿಸಿ ಟಿಪ್ಪಣಿ ಮಾಡಿದನು. ಐರಿಷ್ ಹೆಸರುಗಳ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಅವನ ಶ್ರಮದ ಫಲ. ಆದರೆ ಅವನ ಟಿಪ್ಪಣಿಗಳು ಕಚೇರಿಯ ಪುಸ್ತಕಗಳಲ್ಲಿ ಉಳಿದುವು; ಪಟದ ಮೇಲೆ ಅಚ್ಚಾದದ್ದು ಇಂಗ್ಲಿಷ್ ಕಾಗುಣಿತ.

ಸುತ್ತಮುತ್ತ ಐರಿಷ್ ಆಡುವವರು ಇದ್ದಷ್ಟು ಕಾಲ ಇದರಿಂದ ಹೆಚ್ಚಿನ ಕೇಡಾಗಲಿಲ್ಲ. ಪಟದಲ್ಲಿ ಹೇಗಿದ್ದರೂ ಜನರ ಬಾಯಲ್ಲಿ ಹೊಳೆ ಕಂದುಹೊಳೆಯೇ ಆಗಿತ್ತು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದರ ಮೇಲೊಂದು ಹೊಡೆತ ಬಿದ್ದಿತು. 1831ರಲ್ಲಿ ಸ್ಥಾಪಿತವಾದ ಸರಕಾರಿ ಶಾಲಾ ವ್ಯವಸ್ಥೆಯಲ್ಲಿ ಪಾಠ ನಡೆದದ್ದು ಇಂಗ್ಲಿಷಿನಲ್ಲಿ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಒದಗಿದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಸತ್ತವರಲ್ಲಿಯೂ ಹೋದವರಲ್ಲಿಯೂ ಐರಿಷ್ ಆಡುವ ಬಡವರೇ ಬಹಳ. ಆಂಟ್ರಿಮ್‌ನ ಕಣಿವೆಗಳು ದಾರಿಯಿಲ್ಲದ ಮೂಲೆಯಾಗಿದ್ದುದರಿಂದ ಭಾಷೆ ಅಲ್ಲಿ ಸ್ವಲ್ಪ ಹೆಚ್ಚು ಕಾಲ ಬಾಳಿತು. 1830ರ ದಶಕದಲ್ಲಿ ಕಡಲಂಚಿನ ರಸ್ತೆ ನಿರ್ಮಾಣವಾಯಿತು. ಗ್ಲೆನ್‌ಡನ್ ಹೊಳೆಯ ಮೇಲೆ ಚಾರ್ಲ್ಸ್ ಲಾನ್ಯನ್ ಎಂಬ ಎಂಜಿನಿಯರ್ ಯೋಜಿಸಿದ ಎತ್ತರವಾದ ಕಲ್ಲುಸೇತುವೆ 1839ರಲ್ಲಿ ಸಿದ್ಧವಾಯಿತು. ರಸ್ತೆಯೊಡನೆ ಸಂತೆಯೂ ಸಂತೆಯೊಡನೆ ಇಂಗ್ಲಿಷೂ ಒಳಗೆ ಬಂದುವು.

1904ರಲ್ಲಿ ಭಾಷಾಭಿಮಾನಿಗಳು ಕಣಿವೆಗಳ ಉತ್ಸವವೊಂದನ್ನು ಆರಂಭಿಸಿದರು. 1931ರಲ್ಲಿ ವಿಲ್‌ಹೆಲ್ಮ್ ಡೋಗೆನ್ ಎಂಬ ಜರ್ಮನ್ ಧ್ವನಿವಿಜ್ಞಾನಿಯ ನೇತೃತ್ವದಲ್ಲಿ ಆಂಟ್ರಿಮ್‌ನ ಐರಿಷ್ ಮಾತು ಧ್ವನಿಮುದ್ರಿಕೆಗಳ ಮೇಲೆ ಸೆರೆಯಾಯಿತು. 1983ರಲ್ಲಿ, ನೆರೆಯ ಗ್ಲೆನಾರಿಫ್ ಕಣಿವೆಯ ಷೇಮಸ್ ಮಕಾಲಿ ತೀರಿಕೊಂಡಾಗ, ಈ ಕಣಿವೆಗಳ ಐರಿಷನ್ನು ತೊಟ್ಟಿಲಿನಿಂದಲೇ ಕಲಿತ ಕೊನೆಯವನು ಹೋದನೆಂದು ಹೇಳಲಾಯಿತು. ಆ ಬಳಿಕ ಬೇರೆಡೆಯಿಂದ ಕಲಿತು ಐರಿಷ್ ಆಡುವವರು ಅಲ್ಲಿ ಇದ್ದಾರೆ. 1987ರಿಂದ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ವಿದ್ವಾಂಸರು ಉತ್ತರ ಐರ್ಲೆಂಡಿನ ಸ್ಥಳನಾಮಗಳನ್ನು ಕ್ರಮವಾಗಿ ಶೋಧಿಸಿದ್ದಾರೆ. 2022ರ ಕಾಯಿದೆಯೊಂದು ಉತ್ತರ ಐರ್ಲೆಂಡಿನಲ್ಲಿ ಐರಿಷಿಗೆ ಅಧಿಕೃತ ಮನ್ನಣೆ ನೀಡಿದೆ. ಮುಚ್ಚಿದ ಬಾಗಿಲಿಗೆ ಮತ್ತೆ ಬೀಗದಕೈ ದೊರೆತಂತಾಗಿದೆ. ಈಗ ಬಾಗಿಲು ತೆರೆದು, ಹೆಸರು ಹೇಳುವ ಮಾತು ದಿಟವೇ ಎಂದು ನೋಡೋಣ.

ನೀರು ಏಕೆ ಕಂದು?

ಹೊಳೆ ಕೆಂಪಾಗಿಯೋ ಕಂದಾಗಿಯೋ ಹರಿದರೆ ನಮಗೆ ತಟ್ಟನೆ ಹೊಳೆಯುವುದು ಮಳೆಗಾಲದ ಮಣ್ಣುನೀರು. ಗ್ಲೆನ್‌ಡನ್ ಹೊಳೆಯ ಬಣ್ಣ ಅದಲ್ಲ. ಮಣ್ಣುನೀರನ್ನು ಗಾಜಿನ ಲೋಟದಲ್ಲಿ ತುಂಬಿ ರಾತ್ರಿಯೆಲ್ಲ ಅಲುಗಿಸದೆ ಇಟ್ಟರೆ ಮಣ್ಣು ಬಹುಮಟ್ಟಿಗೆ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಕಂದುಹೊಳೆಯ ನೀರು ಮೊದಲೇ ತಿಳಿಯಾದದ್ದು. ಅದರ ಮೂಲಕ ಲೋಟದ ಆಚೆಯ ಬೆರಳು ಸ್ಪಷ್ಟವಾಗಿ ಕಾಣುತ್ತದೆ. ಆದರೂ ಅದರಲ್ಲಿ ಬಣ್ಣವಿದೆ, ಆ ಬಣ್ಣ ಎಷ್ಟು ದಿನ ಇಟ್ಟರೂ ಕೆಳಗಿಳಿಯುವುದಿಲ್ಲ. ಹಾಲು ಹಾಕದ ತೆಳುವಾದ ಚಹವನ್ನು ನೆನೆದುಕೊಂಡರೆ ಸರಿ. ಹೋಲಿಕೆ ಬಣ್ಣಕ್ಕೆ ಮಾತ್ರ ಸೀಮಿತವಲ್ಲ. ಎರಡರಲ್ಲಿಯೂ ನಡೆದಿರುವ ಕ್ರಿಯೆ ಬಹುಪಾಲು ಒಂದೇ. ನೀರು ಗಿಡದ ಭಾಗಗಳಿಂದ ಸತ್ವವನ್ನು ಹೀರಿಕೊಂಡಿದೆ.

ಬೆಟ್ಟದ ನೆತ್ತಿಯ ಮೇಲೆ ನೀರು ಇಳಿಯದೆ ನಿಲ್ಲುತ್ತದೆಂದು ಹೇಳಿದೆವಷ್ಟೆ. ಅಲ್ಲಿ ಸ್ಫ್ಯಾಗ್ನಮ್ ಎಂಬ ಹಾವಸೆ ಬೆಳೆಯುತ್ತದೆ. ತನ್ನ ತೂಕದ ಎಷ್ಟೋ ಪಾಲು ನೀರನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುವ ಗಿಡವಿದು. ಸಾಮಾನ್ಯ ನೆಲದಲ್ಲಿ ಸತ್ತ ಗಿಡ ಬೇಗ ಕೊಳೆತು ಮಣ್ಣಾಗುತ್ತದೆ. ಕೊಳೆಯಿಸುವ ಜೀವಾಣುಗಳಿಗೆ ಗಾಳಿಯ ಆಮ್ಲಜನಕ ದೊರೆಯುವುದೇ ಅದಕ್ಕೆ ಕಾರಣ. ನೀರು ತುಂಬಿದ ಜೌಗಿನಲ್ಲಿ ಆಮ್ಲಜನಕ ಒಳಕ್ಕಿಳಿಯಲಾರದು. ಸತ್ತ ಹಾವಸೆ ಅರೆಬರೆಯಾಗಿ ಕೊಳೆತು, ಅದರ ಮೇಲೆ ಹೊಸ ಹಾವಸೆ ಬೆಳೆದು, ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ದಪ್ಪವಾಗುತ್ತ ಹೋಗುತ್ತದೆ. ಹೀಗೆ ಸಾವಿರಾರು ವರ್ಷಗಳಲ್ಲಿ ಕೂಡಿದ ಕಪ್ಪುಗಂದು ರಾಶಿಗೆ ಪೀಟ್ ಎಂದು ಹೆಸರು. ಐರ್ಲೆಂಡಿನ ಜನ ಅದನ್ನು ಇಟ್ಟಿಗೆಯಂತೆ ಕಡಿದು ಒಣಗಿಸಿ ಒಲೆಗೆ ಉರಿಸುತ್ತ ಬಂದವರು.

ಅರೆಕೊಳೆತ ಈ ರಾಶಿಯಲ್ಲಿ ಹ್ಯೂಮಿಕ್ ಆಮ್ಲ, ಫಲ್ವಿಕ್ ಆಮ್ಲ ಎಂಬ ದೊಡ್ಡ ದೊಡ್ಡ ಇಂಗಾಲದ ಸಂಯುಕ್ತಗಳು ಹುಟ್ಟುತ್ತವೆ. ಮಳೆಯ ನೀರು ಪೀಟಿನ ಮೇಲ್ಪದರದಲ್ಲಿ ಸೋಸಿಕೊಂಡು ಹರಿಯುವಾಗ ಇವು ಅದರಲ್ಲಿ ಕರಗಿ ಹೊಳೆಗೆ ಬರುತ್ತವೆ. ಬಿಳಿಯ ಬೆಳಕು ಹಲವು ಬಣ್ಣಗಳ ಮಿಶ್ರಣವೆಂಬುದು ನಿಮಗೆ ಗೊತ್ತಿದೆ. ಈ ಸಂಯುಕ್ತಗಳು ಅದರಲ್ಲಿ ನೀಲಿಯನ್ನು ಹೆಚ್ಚಾಗಿಯೂ ಕೆಂಪನ್ನು ಸ್ವಲ್ಪವಾಗಿಯೂ ಹೀರುತ್ತವೆ. ಉದಾಹರಣೆಗೆ, ಹತ್ತು ಸೆಂಟಿಮೀಟರ್ ದಪ್ಪದ ನೀರು ನೀಲಿ ಬೆಳಕಿನ ಅರ್ಧವನ್ನೂ ಕೆಂಪಿನ ಹತ್ತನೆಯ ಒಂದು ಭಾಗವನ್ನೂ ಹೀರುತ್ತದೆಂದು ಭಾವಿಸೋಣ. ಐವತ್ತು ಸೆಂಟಿಮೀಟರ್ ಆಳದಲ್ಲಿ ನೀಲಿ ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಕೆಂಪು ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಆದುದರಿಂದಲೇ ಅದೇ ನೀರು ಲೋಟದಲ್ಲಿ ನಸುಹಳದಿ, ಮೊಣಕಾಲಿನ ಆಳದಲ್ಲಿ ಜೇನಿನ ಬಣ್ಣ, ಆಳವಾದ ಮಡುವಿನಲ್ಲಿ ಕಪ್ಪು. ಐರ್ಲೆಂಡಿನ ಪಶ್ಚಿಮದಲ್ಲಿ, ಮೇಯೊ ಜಿಲ್ಲೆಯ ವಿಸ್ತಾರವಾದ ಪೀಟ್ ಬಯಲಿನಿಂದ ಹರಿದುಬರುವ ಒಂದು ಹೊಳೆಗೆ ಓವನ್‌ಡಫ್ ಎಂದು ಹೆಸರು. ಅದರ ಅರ್ಥ ಕರಿಹೊಳೆ. ಕಂದುಹೊಳೆಗೂ ಕರಿಹೊಳೆಗೂ ಬಣ್ಣ ಕೊಟ್ಟದ್ದು ಒಂದೇ ಪದಾರ್ಥ.

ಕಾಲಕಾಲಕ್ಕೆ ಬಣ್ಣ ಬದಲಾಗುವುದೂ ಉಂಟು. ಬಿಸಿಲುಗಾಲದಲ್ಲಿ ಬಹುದಿನ ಮಳೆಯಿಲ್ಲದಿದ್ದರೆ ಹೊಳೆಗೆ ನೀರು ಬರುವುದು ಕೆಳಗಿನ ಬಂಡೆಯ ಬಿರುಕುಗಳಿಂದ. ಆಗ ಅದು ತಕ್ಕಮಟ್ಟಿಗೆ ಸ್ವಚ್ಛ. ಬೇಸಗೆಯ ಶಾಖದಲ್ಲಿ ಪೀಟಿನೊಳಗೆ ಸಂಯುಕ್ತಗಳು ಹೆಚ್ಚಾಗಿ ತಯಾರಾಗಿ, ಶರತ್ಕಾಲದ ಮೊದಲ ಜಡಿಮಳೆಗೆ ಅವೆಲ್ಲ ಒಮ್ಮೆಲೆ ಕೊಚ್ಚಿಬರುತ್ತವೆ. ಹೊಳೆ ಆಗ ಕಡುಗಂದು. ಹೆಸರಿಟ್ಟವರು ಒಂದು ದಿನ ಬಂದು ನೋಡಿಹೋದವರಲ್ಲ. ವರ್ಷವೆಲ್ಲ ಅಲ್ಲೇ ಬಾಳಿದವರು. ಎಲ್ಲ ಋತುಗಳನ್ನೂ ಕಂಡು ಅವರು ಆರಿಸಿದ ಮಾತು ಕಂದು.

ಕಂದು ಹೆಚ್ಚುತ್ತಿದೆಯೇ?

ಹೆಸರು ದಿಟವೆಂದು ತಿಳಿದ ಮೇಲೆ ಕಥೆ ಮುಗಿಯಬೇಕಾಗಿತ್ತು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಒಂದು ಹೊಸ ತೊಡಕು ಹುಟ್ಟಿತು. ಕಾರ್ಖಾನೆಗಳಲ್ಲಿ ಕಲ್ಲಿದ್ದಲು ಉರಿದಾಗ ಅದರಲ್ಲಿನ ಗಂಧಕ ಹೊಗೆಯಾಗಿ ಮೇಲೇರಿ, ಮೋಡದ ನೀರಿನಲ್ಲಿ ಕರಗಿ ಆಮ್ಲವಾಗಿ ಸುರಿಯುತ್ತದೆ. ಇದಕ್ಕೆ ಆಮ್ಲಮಳೆ ಎಂಬ ಹೆಸರನ್ನು ರೂಢಿಗೆ ತಂದವನು ಮ್ಯಾಂಚೆಸ್ಟರಿನ ರಸಾಯನವಿಜ್ಞಾನಿ ರಾಬರ್ಟ್ ಆಂಗಸ್ ಸ್ಮಿತ್, 1872ರಲ್ಲಿ. ಈ ಆಮ್ಲ ಬೆಟ್ಟದ ಕೆರೆತೊರೆಗಳನ್ನು ಹೇಗೆ ಕೆಡಿಸುತ್ತಿದೆಯೆಂದು ಅಳೆಯಲು 1988ರಲ್ಲಿ ಬ್ರಿಟನ್ 22 ಕೆರೆತೊರೆಗಳನ್ನು ಆರಿಸಿ ನಿಯತವಾಗಿ ನೀರಿನ ಪರೀಕ್ಷೆಯನ್ನು ಆರಂಭಿಸಿತು. ಅವುಗಳಲ್ಲಿ ಬೀಯ್ಸ್ ಬರ್ನ್ ಎಂಬ ತೊರೆಯೊಂದು ಆಂಟ್ರಿಮ್‌ನ ಇದೇ ಈಶಾನ್ಯ ಬೆಟ್ಟಗಳಲ್ಲಿದೆ.

ಪರೀಕ್ಷೆಯಲ್ಲಿ ಯಾರೂ ಎದುರುನೋಡದ ಸಂಗತಿಯೊಂದು ಹೊರಬಿದ್ದಿತು. ಮೊದಲ ಹದಿನೈದು ವರ್ಷಗಳಲ್ಲಿ ಈ ಕೆರೆತೊರೆಗಳಲ್ಲಿ ಕರಗಿದ ಸಾವಯವ ಇಂಗಾಲ, ಎಂದರೆ ಕಂದು ಬಣ್ಣಕ್ಕೆ ಕಾರಣವಾದ ಪದಾರ್ಥ, ಸರಾಸರಿಯಲ್ಲಿ ಶೇಕಡ 90ರಷ್ಟು ಹೆಚ್ಚಿತ್ತು! ವಿಜ್ಞಾನಿಗಳಿಗೆ ಕಳವಳವಾಯಿತು. ಅದಕ್ಕೆ ಕಾರಣವಿಲ್ಲದಿರಲಿಲ್ಲ. ಪೀಟ್ ನೆಲ ಭೂಮಿಯ ಒಟ್ಟು ನೆಲದಲ್ಲಿ ಶೇಕಡ 3ರಷ್ಟು ಮಾತ್ರ. ಆದರೆ ಜಗತ್ತಿನ ಎಲ್ಲ ಕಾಡುಗಳ ಗಿಡಮರಗಳಲ್ಲಿರುವುದಕ್ಕಿಂತ ಹೆಚ್ಚಿನ ಇಂಗಾಲ ಅದರಲ್ಲಿ ಅಡಗಿದೆ. ವಾಯುಮಂಡಲ ಬಿಸಿಯಾದುದರಿಂದ ಈ ಉಗ್ರಾಣ ಒಡೆದು ಸೋರತೊಡಗಿದೆಯೇ? ಹಾಗೆಂದು ಶಂಕಿಸಿದ ಲೇಖನವೊಂದು 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

2007ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ವಿವರಣೆ ಬಂದಿತು. ಡಾನ್ ಮಾಂಟೀತ್ ಮತ್ತು ಸಂಗಡಿಗರು ಉತ್ತರ ಯೂರೋಪು, ಉತ್ತರ ಅಮೆರಿಕಗಳ 522 ಕೆರೆತೊರೆಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದರು. ಎಲ್ಲಿ ಮಳೆಯ ಗಂಧಕ ಹೆಚ್ಚು ಕಡಿಮೆಯಾಗಿತ್ತೋ ಅಲ್ಲಿ ಕಂದು ಹೆಚ್ಚಾಗಿತ್ತು. ಕಾರಣ ಹೀಗೆ: ಹ್ಯೂಮಿಕ್ ಸಂಯುಕ್ತಗಳು ಆಮ್ಲ ಹೆಚ್ಚಾಗಿರುವ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಆಮ್ಲಮಳೆ ಸುರಿಯುತ್ತಿದ್ದ ದಶಕಗಳಲ್ಲಿ ಅವು ಪೀಟಿನಲ್ಲಿಯೇ ಕಟ್ಟುಬಿದ್ದಿದ್ದುವು. ಬ್ರಿಟನ್ನಿನಲ್ಲಿ 1970ರ ಸುಮಾರಿಗೆ ತುದಿ ಮುಟ್ಟಿದ್ದ ಗಂಧಕದ ಹೊಗೆ ಆಮೇಲೆ ಶೇಕಡ 90ಕ್ಕೂ ಹೆಚ್ಚು ಇಳಿಯಿತು. ಮಳೆ ಶುದ್ಧವಾಯಿತು, ಕಟ್ಟು ಬಿಚ್ಚಿತು, ಕಂದು ಮತ್ತೆ ಹರಿಯಿತು. ಹಾಗಾದರೆ ಈ ಬದಲಾವಣೆಯ ದೊಡ್ಡ ಪಾಲು ಹೊಸ ರೋಗವಲ್ಲ. ರೋಗ ವಾಸಿಯಾಗಿ ಹಳೆಯ ಮೈಬಣ್ಣ ಮರಳಿದ್ದು.

ಇಲ್ಲಿ ಹೊಳೆಯ ಹೆಸರು ಮತ್ತೆ ಮುಂದೆ ಬಂದು ನಿಲ್ಲುತ್ತದೆ. ನಿಯತವಾದ ಪರೀಕ್ಷೆ ಮೊದಲಾದದ್ದು 1988ರಲ್ಲಿ, ಆಮ್ಲಮಳೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಸುರಿದ ಬಳಿಕ. ಮೊದಲ ದಿನದ ಅಳತೆಯನ್ನೇ ಹೊಳೆಯ ಸ್ವಾಭಾವಿಕ ಸ್ಥಿತಿಯೆಂದು ತಿಳಿದರೆ ಎಡವುತ್ತೇವೆ. ಐರಿಷ್ ಹೆಸರು ಅದಕ್ಕಿಂತ ಬಹಳ ಹಿಂದಿನದು. ಯೂರೋಪಿನಲ್ಲಿ ಉಗಿಯಂತ್ರದ ಹೊಗೆ ಏಳುವುದಕ್ಕೆ ಮುಂಚಿನದು. ಎಷ್ಟು ಕಂದು ಎಂದು ಅದು ಹೇಳಲಾರದು. ಲೀಟರಿಗೆ ಇಷ್ಟು ಮಿಲಿಗ್ರಾಮ್ ಎಂಬ ಲೆಕ್ಕ ಅದರಲ್ಲಿಲ್ಲ. ಆದರೆ ಕಾರ್ಖಾನೆಗಳ ಕಾಲಕ್ಕೆ ಮುಂಚೆಯೂ ಈ ಹೊಳೆ ಕಂದಾಗಿತ್ತು, ಹೆಸರಿಡುವಷ್ಟು ಎದ್ದುಕಾಣುವಂತೆ ಕಂದಾಗಿತ್ತು ಎಂದು ಅದು ಖಚಿತವಾಗಿ ಹೇಳುತ್ತದೆ. ಕೋಟೆಯ ಹೊಳೆ ಎಂದು ಓದಿದ್ದರೆ ಈ ಸಾಕ್ಷ್ಯ ನಮ್ಮ ಕೈಗೆ ಸಿಗುತ್ತಿರಲಿಲ್ಲ.

ಕುಡಿಯುವ ನೀರಿನ ಪ್ರಶ್ನೆ

ಹಳೆಯ ಬಣ್ಣ ಮರಳಿತೆಂದು ಸಂತೋಷಪಟ್ಟು ಸುಮ್ಮನಿರುವಂತೆಯೂ ಇಲ್ಲ. ಪೀಟ್ ನೆಲದ ನೀರನ್ನು ಊರುಗಳಿಗೆ ಒದಗಿಸುವವರಿಗೆ ಈ ಬಣ್ಣ ತಲೆನೋವಿನ ವಿಷಯ. ರೋಗಾಣುಗಳನ್ನು ಕೊಲ್ಲಲು ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ಕ್ಲೋರಿನ್ ಹ್ಯೂಮಿಕ್ ಸಂಯುಕ್ತಗಳೊಡನೆ ಕೂಡಿದರೆ ಕ್ಲೋರೋಫಾರ್ಮ್ ಮೊದಲಾದ ಟ್ರೈಹ್ಯಾಲೊಮೀಥೇನುಗಳು ಹುಟ್ಟುತ್ತವೆ. ಇದನ್ನು 1974ರಲ್ಲಿ ಹಾಲೆಂಡಿನ ಯೋಹಾನೆಸ್ ರೋಕ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ಆರೋಗ್ಯದ ದೃಷ್ಟಿಯಿಂದ ಲೀಟರಿಗೆ 100 ಮೈಕ್ರೋಗ್ರಾಮಿಗಿಂತ ಹೆಚ್ಚು ಇರಕೂಡದೆಂದು ಬ್ರಿಟನ್ನಿನ ಕಟ್ಟಳೆಯಿದೆ. ಆದುದರಿಂದ ಕ್ಲೋರಿನ್ ಸೇರಿಸುವ ಮೊದಲೇ ಅಲ್ಯುಮಿನಿಯಮ್ ಸಲ್ಫೇಟಿನಂಥ ಪದಾರ್ಥಗಳಿಂದ ಬಣ್ಣವನ್ನು ಹೆಪ್ಪುಗಟ್ಟಿಸಿ ತೆಗೆಯಬೇಕು. ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚು.

ಇಲ್ಲಿ ಮನುಷ್ಯನ ಕೈವಾಡವೂ ಸೇರಿದೆ. ಮೇವಿಗಾಗಿ, ನೆಡುತೋಪಿಗಾಗಿ, ಉರುವಲಿಗಾಗಿ ಪೀಟ್ ನೆಲದಲ್ಲಿ ಕಾಲುವೆ ತೋಡಿ ನೀರನ್ನು ಬಸಿದರೆ, ಒಳಕ್ಕೆ ಆಮ್ಲಜನಕ ನುಗ್ಗಿ ಸಾವಿರಾರು ವರ್ಷದ ರಾಶಿ ಕೊಳೆಯತೊಡಗುತ್ತದೆ. ಅದರ ಇಂಗಾಲ ಸ್ವಲ್ಪ ಹೊಳೆಗೆ, ಬಹಳ ಗಾಳಿಗೆ. ಗ್ಲೆನ್‌ಡನ್ನಿಗೆ ದಕ್ಷಿಣದಲ್ಲಿರುವ ಗ್ಯಾರನ್ ಪ್ರಸ್ಥಭೂಮಿಯಲ್ಲಿ 2010ರ ದಶಕದಲ್ಲಿ ನೀರು ಸರಬರಾಜು ಸಂಸ್ಥೆಯೂ ಪಕ್ಷಿಸಂರಕ್ಷಣ ಸಂಸ್ಥೆಯೂ ಕೂಡಿ ಇಂಥ ಹಳೆಯ ಕಾಲುವೆಗಳಿಗೆ ಅಡ್ಡಕಟ್ಟೆ ಹಾಕಿಸಿದುವು. ನೀರು ನಿಂತರೆ ಸ್ಫ್ಯಾಗ್ನಮ್ ಮರಳುತ್ತದೆ. ಸ್ಫ್ಯಾಗ್ನಮ್ ಮರಳಿದರೆ ಪೀಟ್ ಉಳಿಯುತ್ತದೆ ಎಂಬ ಲೆಕ್ಕಾಚಾರ ಅವರದು.

ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಹೊಳೆಯನ್ನು ಯಾವ ಸ್ಥಿತಿಗೆ ಮರಳಿಸಬೇಕು? ಪೂರ್ತಿ ಬಿಳಿದಾದ ನೀರನ್ನು ಗುರಿಯಾಗಿಟ್ಟುಕೊಂಡರೆ ಅದು ಗ್ಲೆನ್‌ಡನ್ ಹೊಳೆಗೆ ಪ್ರಕೃತಿ ಎಂದೂ ಕೊಡದಿದ್ದ ಬಣ್ಣವಾದೀತು. ಕಾಲುವೆಯಿಂದ ಸೋರುವ ಕಂದನ್ನು ತಡೆಯಬೇಕು. ಜೀವಂತವಾದ ಜೌಗಿನಿಂದ ಬರುವ ಕಂದನ್ನು ಒಪ್ಪಿಕೊಳ್ಳಬೇಕು. ಈ ಎರಡನ್ನು ಬೇರ್ಪಡಿಸಿ ಅಳೆಯುವುದು ರಸಾಯನವಿಜ್ಞಾನಿಯ ಕೆಲಸ. ಎರಡನೆಯದು ಅಲ್ಲಿ ಮೊದಲಿನಿಂದಲೂ ಇತ್ತೆಂದು ಅವನಿಗೆ ಹೇಳುವುದು ಆ ಕಣಿವೆಯ ರೈತರು ತಮ್ಮ ಭಾಷೆಯಲ್ಲಿ ಬಿಟ್ಟುಹೋದ ಎರಡಕ್ಷರದ ಮಾತು: ದಿನ್ಯ.